ಆಚಾರ್ಯರ ಉಡದಾರ

ಆ ದ್ವಾದಶಿಯ ಬೆಳಿಗ್ಗೆ ಮಠದ ಅಂಗಳಕ್ಕೆ ಮಂಜು ಇಳಿದಿತ್ತು. ಪದ್ದಕ್ಕನ ಎದೆ ಮಾತ್ರ ಉರಿಯುತ್ತಿತ್ತು. ಆ ಸೀಮೆಯ ಹೆಂಡಂದಿರು ಗಂಡನ ಉಡದಾರ ಕಟ್ಟಿಕೊಂಡರೆ, ಅವನು ತಿಂದದ್ದರ ಅಜೀರ್ಣ, ನಿದ್ದೆಗೇಡು, ಪಾಪದ ಅಳುಕು ಎಲ್ಲ ಅವರ ಪಾಲಿಗೆ. ಬಿಚ್ಚಿಕೊಟ್ಟರೆ ಅಷ್ಟೂ ವರ್ಷದ್ದು ಒಮ್ಮೆಲೇ ಅವನಿಗೆ ಮರಳುತ್ತಿತ್ತು. ಪದ್ದಕ್ಕನ ಗಂಡ ಶ್ಯಾಮಾಚಾರ್ಯರು ಮಾತ್ರ ತಮ್ಮದು ತಮ್ಮ ಸೊಂಟದಲ್ಲೇ ಇದೆಯೆಂದು ಊರನ್ನು ನಂಬಿಸಿದ್ದರು.

ಏಕಾದಶಿಯ ರಾತ್ರಿ ಅವರು ಕದ್ದು ಉಳ್ಳಾಗಡ್ಡಿ ಭಜಿ ಮುಕ್ಕಿ ಕೂಸಿನಂತೆ ಮಲಗಿದ್ದರು. ಹನಿ ನೀರೂ ಮುಟ್ಟದ ಪದ್ದಕ್ಕ ಬೆಳಗಿನ ತನಕ ಹೊರಳಾಡಿ, ತಾನು ಮಾಡದ ತಪ್ಪಿಗೆ ದೇವರ ಮುಂದೆ ಅತ್ತಿದ್ದಳು.

ಈಗ ಆಚಾರ್ಯರು ಉಪವಾಸದ ಮಹಿಮೆ ಹೇಳಲು ಕುಳಿತಿದ್ದರು. ಪದ್ದಕ್ಕ ತೇಗಿದಳು.

"ಅಯ್ಯ ನಮ್ಮವ್ವಾ, ಉಳ್ಳಾಗಡ್ಡಿ ನಾರತದಲ್ಲ!" ಎಂದು ಪಕ್ಕದ ಅಂಬಕ್ಕ ಮೂಗು ಮುಚ್ಚಿದಳು.

ಆಚಾರ್ಯರು ನಕ್ಕರು. "ನಾಲಿಗಿ ಗೆಲ್ಲಲಾರದವರು ನಮ್ಮ ಮನ್ಯಾಗೂ ಇದ್ದಾರ್ರೆವ್ವಾ. ಹರಿ ಕ್ಷಮಿಸಲಿ." ಸಭೆಯೆಲ್ಲ ಗೊಳ್ಳೆಂದಿತು.

ಪದ್ದಕ್ಕ ಕಂಬದ ಮರೆಗೆ ಹೋಗಿ ಬಂದಳು. "ಹರಿ ಕ್ಷಮಿಸ್ಯಾನು, ಅಂವಾ ದೊಡ್ಡಾಂವ," ಎಂದು ಮೆಲ್ಲಗೆ ನುಡಿದು, ನಮಸ್ಕರಿಸುವವಳಂತೆ ಬಾಗಿ, ಇನ್ನೂ ಬೆಚ್ಚಗಿದ್ದ ಉಡದಾರವನ್ನು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.