ಐದನೆಯ ಸಲ

"ಕೈ ಊರಬೇಡಿ ಯಜಮಾನ್ರೇ, ಇನ್ನೊಂದೇ ಸಲ," ಎಂದಳು ನರ್ಸ್. ಆರೋಗ್ಯ ತಪಾಸಣೆಗೆ ಬಂದ ಶಾಲಾ ವ್ಯಾನಿನ ಮುದಿ ಚಾಲಕ ಕುರ್ಚಿಯಿಂದ ನಾಲ್ಕು ಸಲ ಎದ್ದಿದ್ದ. ಐದನೆಯ ಸಲ ಏಳದಿದ್ದರೆ ಕೆಲಸಕ್ಕೆ ಕುತ್ತು.

ಎದುರು ಕುಳಿತ ಹೆಂಡತಿ ಇಬ್ಬರ ರಕ್ತದ ವರದಿಯನ್ನೂ ಮತ್ತೆ ಓದಿದಳು. ಅವಳ ರಕ್ತದಲ್ಲಿ ಕ್ಯಾರೆಟ್ ತಿಂದರೆ ಸೇರುವ ಕ್ಯಾರೊಟಿನ್ ಬೇಕಾದಷ್ಟಿತ್ತು. ಅವನದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅವಳ ಸೊಂಟದ ಮೂಳೆ ಮುರಿದಾಗಿನಿಂದ ದಿನಾ ಕ್ಯಾರೆಟ್ ರಸ ತೆಗೆಯುವವನು ಅವನೇ. "ನಂದು ಅಡುಗೆಮನೇಲೇ ಕುಡಿದಾಯ್ತು ಕಣೇ," ಎನ್ನುತ್ತ ಅವಳಿಗೆ ತುಂಬಿದ ಲೋಟ ಕೊಡುತ್ತಿದ್ದ.

"ನಾಲ್ಕು ತಿಂಗಳು ಸುಳ್ಳು ಹೇಳಿದ್ರಲ್ರೀ!"

"ಬೈಗುಳ ಮನೇಲಿ. ಈಗ ಏಳೋಕೆ ಬಿಡೇ," ಎಂದು ಹಲ್ಲು ಕಚ್ಚಿದ. ಅರ್ಧ ಎದ್ದು ದೊಪ್ಪನೆ ಕುಳಿತ.

ಅವಳು ಊರುಗೋಲನ್ನು ಗೋಡೆಗೊರಗಿಸಿ, ನಡೆದು ಬಂದು ಕೈ ಚಾಚಿದಳು.

"ಆ ಕೈ ಹಿಡಿದ್ರೆ ಫೇಲ್, ಯಜಮಾನ್ರೇ," ಎಂದಳು ನರ್ಸ್.

ಊರುಗೋಲಿಲ್ಲದೆ ನಿಂತ ಹೆಂಡತಿಯನ್ನು ಅವನು ಕಣ್ತುಂಬ ನೋಡಿ, ಆ ಕೈ ಹಿಡಿದ.