ಏಳನೇ ಭಾಗದಲ್ಲಿ ಎದ್ದು ಬಂದ ಕೋಚ್

ಒಂದು ಕೆನ್ನೆಗೆ ನೊರೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು, ಕ್ಷೌರಿಕ ಬ್ರಷ್ ಕೆಳಗಿಟ್ಟು ಕತ್ತಿ ಎತ್ತಿಕೊಂಡ. “ನಿನ್ನೆ ‘ಗುದ್ದು’ ಏಳನೇ ಭಾಗ ನೋಡ್ದೆ,” ಅಂದ. ಕುರ್ಚಿಯಲ್ಲಿ ಕೂತಿದ್ದ ಹಳೇ ನಟ ಗಲ್ಲವನ್ನು ಎದೆಗೆ ಒತ್ತಿಕೊಂಡ. ಆ ಬಾಕ್ಸಿಂಗ್ ಸಿನಿಮಾಗಳಲ್ಲಿ ಹೀರೋನ ಕೋಚ್ ಆಗಿದ್ದವನು ಅವನೇ. ಕತ್ತಿ ಕ್ಷೌರಿಕನ ಕೈಲಿತ್ತು, ಕತ್ತು ತನ್ನದು.

“ಹೇಗಿತ್ತು?” ಎಂದ, ಕೇಳಬಾರದು ಅಂತ ಗೊತ್ತಿದ್ದೂ.

ಉತ್ತರ ಬಂದದ್ದು ಬೆಂಚಿನಿಂದ. ಸರದಿಗೆ ಕಾಯುತ್ತಿದ್ದ ಬಸ್ ಕಂಡಕ್ಟರ್ ಪೇಪರ್ ಕೆಳಗಿಳಿಸದೆಯೇ ಹೇಳಿದ: “ಹೀರೋನ ನೋಡಿದ್ರೆ ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ. ಶೂ ಲೇಸ್ ಕಟ್ಕೊಳ್ಳೋಕೆ ಬಗ್ಗಿದವನು ಎದ್ದು ನಿಲ್ಲೋಷ್ಟರಲ್ಲಿ ಇಂಟರ್ವಲ್. ಎದುರಾಳಿ ಏನು ಗುದ್ದಿಗೆ ಬಿದ್ನಾ? ಕಾದು ಕಾದು ಸುಸ್ತಾಗಿ ಬಿದ್ದ.”

ಕ್ಷೌರಿಕ ನಗಲಿಲ್ಲ. ಅವನ ತಕರಾರು ಹೀರೋನ ಮೇಲಲ್ಲ ಎಂದು ನಟನಿಗೆ ಗೊತ್ತಿತ್ತು. ಮೂರನೇ ಭಾಗದಲ್ಲಿ ಕೋಚ್ ಸತ್ತಿದ್ದ. ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ಸಾಯುವ ಆ ದೃಶ್ಯವನ್ನು ನಟ ಎಂಟು ದಿನ ಅಡುಗೆಮನೆಯ ನೆಲದ ಮೇಲೆ ಅಭ್ಯಾಸ ಮಾಡಿದ್ದ. ಹೆಂಡತಿ ಬಿಸಿ ಪಾತ್ರೆ ಹಿಡಿದು ಅವನನ್ನು ದಾಟಿಕೊಂಡೇ ಓಡಾಡಿದ್ದಳು. ಜೀವಮಾನದಲ್ಲಿ ಅವನು ಚೆನ್ನಾಗಿ ಮಾಡಿದ್ದು ಅಂತ ಇದ್ದರೆ ಅದೊಂದೇ. ನಾಲ್ಕು, ಐದು, ಆರರಲ್ಲಿ ಗೋಡೆಯ ಮೇಲೆ ಫೋಟೋ ಆಗಿದ್ದ. ಏಳಕ್ಕೆ ಬರುವ ಹೊತ್ತಿಗೆ ಕತೆ ಮುಗಿದು ತಳ ಕಾಣುತ್ತಿತ್ತು. ಕತೆಗಾರ ಎತ್ತು ಈಯಿತು ಅಂದ, ನಿರ್ಮಾಪಕ ಕೊಟ್ಟಿಗೆಗೆ ಕಟ್ಟು ಅಂದ. ಕೊನೇ ಸುತ್ತಿನಲ್ಲಿ ಕೋಚ್ ರಿಂಗಿನ ಪಕ್ಕ ಹಲ್ಲು ಬಿಟ್ಟುಕೊಂಡು ಪ್ರತ್ಯಕ್ಷನಾದ. ಶಿಷ್ಯನಿಗೆ ರೋಷ ಬರಲಿ ಅಂತ ಅವತ್ತು ಸತ್ತ ಹಾಗೆ ನಟಿಸಿದ್ದನಂತೆ.

“ರೋಷ ಬರೋಕೆ ಒಂದು ವಾರ ಸಾಕಾಗಿತ್ತು,” ಅಂದ ಕ್ಷೌರಿಕ. “ಹದಿನೆಂಟು ವರ್ಷ ಎಲ್ಲಿದ್ರಿ ಸಾರ್?”

“ನಾನೂ ಡೈರೆಕ್ಟರ್‌ಗೆ ಅದನ್ನೇ ಕೇಳ್ದೆನಪ್ಪಾ. ಜನ ಅದನ್ನೆಲ್ಲ ಕೇಳಲ್ಲ ಅಂದ.”

“ನಾನು ಕೇಳ್ತಾ ಇದೀನಲ್ಲ.”

“ಸತ್ತೋನಿಗೆ ಯಾರು ಪಾರ್ಟು ಕೊಡ್ತಾರೆ ಹೇಳು. ಫೋಟೋಗೆ ಡೈಲಾಗ್ ಇರಲ್ಲ. ಕರೆದ್ರು, ಹೋದೆ.”

ಕ್ಷೌರಿಕ ಕನ್ನಡಿಯಲ್ಲಿ ಅವನನ್ನೇ ನೋಡಿದ. “ನಮ್ಮಪ್ಪ ಹೋದಾಗ ನಂಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಹಿರೀಮಗ, ಬಂದೋರಿಗೆ ಕುರ್ಚಿ ಹಾಕೋದು, ಹೋಗೋರಿಗೆ ಚಪ್ಪಲಿ ಹುಡುಕಿ ಕೊಡೋದು, ಅದೇ ಆಯ್ತು. ಕಲ್ಲು ಹೃದಯದವನು ಅಂತ ಚಿಕ್ಕಮ್ಮ ಎಲ್ಲರ ಮುಂದೆ ಅಂದ್ರು. ವಾರ ಆದ್ಮೇಲೆ ನಿಮ್ಮ ಪಿಕ್ಚರ್‌ಗೆ ಹೋದೆ. ನೀವು ಸತ್ರಿ. ಪಕ್ಕದಲ್ಲಿ ಕೂತಿದ್ದೋರು ಯಾರೋ ಏನೋ, ಅವರ ತೋಳು ಹಿಡ್ಕೊಂಡು ಅತ್ತೆ. ಲೈಟ್ ಹಾಕಿದ್ಮೇಲೂ ಅತ್ತೆ.” ಅವನು ಕತ್ತಿ ಕೆಳಗಿಟ್ಟು ಟವಲ್ ಮಡಚಿದ, ಮತ್ತೆ ಬಿಡಿಸಿದ. “ನಿನ್ನೆ ನೀವು ಎದ್ದು ಬಂದ್ರಿ. ಜನ ಶಿಳ್ಳೆ ಹೊಡೆದ್ರು. ನಮ್ಮಪ್ಪ ಬರಲಿಲ್ಲ.”

ನಟನಿಗೆ ನಾಚಿಕೆಯಾಯಿತು. ಹದಿನೆಂಟು ವರ್ಷ ಈ ಕುರ್ಚಿಯಲ್ಲಿ ಕೂತು ಇವನ ಪ್ರೀತಿಯನ್ನು ಅಭಿಮಾನ ಅಂದುಕೊಂಡು ಬೀಗಿದ್ದ. ಸಿನಿಮಾ ಕೆಟ್ಟದಾಗಿದೆ ಅಂದಿದ್ದರೆ ನಕ್ಕು ನುಂಗಿಕೊಳ್ಳುತ್ತಿದ್ದ, ಅದು ಕೆಟ್ಟದಾಗಿಯೇ ಇತ್ತು. ಇದು ನುಂಗುವಂಥದ್ದಲ್ಲ. ಸ್ವಂತ ಮಾತು ಹೇಳುವುದು ಅವನ ಕಸುಬೂ ಅಲ್ಲ, ಬರೆದುಕೊಟ್ಟದ್ದನ್ನು ಆಡುವವನು.

“ಕುರ್ಚಿ ಹಿಂದಕ್ಕೆ ಬಾಗ್ಸು,” ಎಂದ ಕೊನೆಗೆ. “ಕೈ ಕೊಡು.”

ಕ್ಷೌರಿಕ ಅನುಮಾನಿಸುತ್ತಲೇ ಬಾಗಿಸಿದ, ಕೈ ಕೊಟ್ಟ. ನಟ ಆ ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಉಸಿರನ್ನು ತುಂಡು ತುಂಡಾಗಿ ಎಳೆದ. “ಕೈ ಕೆಳಗೆ ಬಿಡ್ಬೇಡ ಮಗಾ,” ಅಂದ, ಮೂರನೇ ಭಾಗದಲ್ಲಿ ಅಂದ ಹಾಗೆಯೇ. ಆಮೇಲೆ ಬೆರಳುಗಳು ಒಂದೊಂದಾಗಿ ಸಡಿಲಾದವು, ಎಲ್ಲಕ್ಕಿಂತ ಕೊನೆಗೆ ಕಿರುಬೆರಳು. ನೊರೆ ಗಲ್ಲದಿಂದ ಜಾರಿ ಕುತ್ತಿಗೆಗಿಳಿಯಿತು, ಕಚಗುಳಿಯಾಯಿತು. ಅವನು ಅಲುಗಲಿಲ್ಲ.

ಬೆಂಚಿನ ಕಡೆ ಪೇಪರ್ ಮಡಚಿದ ಸದ್ದು, ಹಿಂದೆಯೇ ಕಂಡಕ್ಟರ್ ಜೋರಾಗಿ ಮೂಗು ಸೀಟಿದ ಸದ್ದು. ತಲೆಯ ಹತ್ತಿರ ಯಾರೋ ಬಿಕ್ಕುತ್ತಿದ್ದರು, ಬಾಯಿ ಮುಚ್ಚಿಕೊಂಡು, ತುಂಬ ಹೊತ್ತು. ಬೆಚ್ಚನೆಯ ಟವಲ್ ಬಂದು ನೊರೆ ಒರೆಸಿತು, ಆಮೇಲೆ ಮುಖವನ್ನೇ ಮುಚ್ಚಿತು.

“ಏಳಲಾ?” ನಟ ಒಳಗಿನಿಂದ ಮೆಲ್ಲಗೆ ಕೇಳಿದ.

“ಬೇಡ ಸಾರ್,” ಅಂದ ಕ್ಷೌರಿಕ. “ಎಂಟನೇ ಭಾಗಕ್ಕೆ ಕರೆದ್ರೂ ಏಳ್ಬೇಡಿ.”