ಮೊಂಡು ಕೊಂಡಿಯ ಏಡಿ

"ಇದಕ್ಕೊಂದು ಬೆಳ್ಳಿ ಕಟ್ಟು ಹಾಕಿಕೊಡೋ ಪ್ಲಾಮೆನ್," ಎಂದು ಅಸ್ಪಾರುಖ್ ಮೇಷ್ಟ್ರು ಕರವಸ್ತ್ರ ಬಿಚ್ಚಿ ಹಳೇ ನಾಣ್ಯವೊಂದನ್ನು ಮೇಜಿನ ಮೇಲಿಟ್ಟರು. "ನಾಳೆ ಮ್ಯೂಸಿಯಮ್ಮಿನಲ್ಲಿ ನನ್ನ ಭಾಷಣ. ಸೋಫಿಯಾದಿಂದ ಪಂಡಿತರು ಬರ್ತಾರೆ. ಕೈಯಿಂದ ಕೈಗೆ ಹೋಗುವಾಗ ಸವೆಯಬಾರದು ನೋಡು."

ಪ್ಲಾಮೆನ್ ಭೂತಗನ್ನಡಿ ಹಿಡಿದ. ಲಂಗರು. ಲಂಗರಿನ ಪಕ್ಕ ಏಡಿ. ಏಡಿಯ ಎಡಗಡೆ ಕೊಂಡಿ ಮೊಂಡು. ಈ ಅಚ್ಚು ಕೊರೆದವನು ಅವನೇ, ಹೋದ ಬೇಸಗೆಯಲ್ಲಿ, ಇದೇ ಮೇಜಿನ ಮೇಲೆ. ಪ್ರವಾಸಿಗಳಿಗೆ ನೆನಪಿನ ಕಾಣಿಕೆ ಮಾರ್ತೀನಿ ಅಂತ ಹೇಳಿ ಬಂದರಿನ ವ್ಯಾಪಾರಿ ವೆಲ್ಕೊ ಅದರಲ್ಲಿ ಒತ್ತಿದ ಇಪ್ಪತ್ತು ಬಿಲ್ಲೆ ಒಯ್ದಿದ್ದ.

"ಯಾರು ಕೊಟ್ರು ಮೇಷ್ಟ್ರೇ?"

"ನಮ್ಮ ವೆಲ್ಕೊ. ಒಳ್ಳೆಯವನು ಪಾಪ, ಬೇರೆ ಯಾರಿಗೂ ತೋರಿಸದೆ ನನಗೇ ಅಂತ ಎತ್ತಿಟ್ಟಿದ್ದ. ಇದರ ದುಡ್ಡಿಗೆ ನನ್ನ ದೋಣಿ ಮಾರಿಬಿಟ್ಟೆ ಕಣೋ. ಈ ಮಂಡಿ ಇಟ್ಕೊಂಡು ಇನ್ನೇನು ಮೀನು ಹಿಡಿಯೋದು?"

ಒಳ್ಳೆಯವನಂತೆ! ಪ್ಲಾಮೆನ್ ಹಲ್ಲು ಕಚ್ಚಿದ. ಮೇಷ್ಟ್ರ ಗಮನ ಅತ್ತ ಇರಲಿಲ್ಲ. "ಆ ಏಡಿ ನೋಡಿದೆಯಾ? ಆ ಕಾಲದ ಉಳಿದ ಅಚ್ಚುಗಾರರೆಲ್ಲ ಏಡಿ ಅಂದ್ರೆ ಹೀಗಿರಬೇಕು ಅಂತ ಕೊರೆದರು. ಇವನೊಬ್ಬ ಜೀವ ಇರೋ ಏಡಿ ಮುಂದಿಟ್ಕೊಂಡು, ಅದು ಹೇಗಿತ್ತೋ ಹಾಗೇ ಕೊರೆದ. ಎರಡು ಸಾವಿರದ ನಾನೂರು ವರ್ಷದ ಹಿಂದೆ! ನನ್ನ ಭಾಷಣ ಪೂರ್ತಿ ಆ ಕುಶಲಿಗನ ಮೇಲೇ. ಹನ್ನೆರಡು ಪುಟ," ಎಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿದರು.

ಸುಮ್ಮನಿದ್ದರೆ ನಾಳೆ ಆ ಪಂಡಿತರು ಒಂದೇ ನೋಟಕ್ಕೆ ಕಂಡುಹಿಡಿದು, ತುಂಬಿದ ಸಭೆಯಲ್ಲಿ ಮುಸಿಮುಸಿ ನಗುತ್ತಾರೆ. ಹೇಳಿದರೆ ಈ ಮುದುಕ ಇಲ್ಲೇ, ಈ ಸ್ಟೂಲಿನ ಮೇಲೇ ಕುಸಿಯುತ್ತಾನೆ.

"ಕಟ್ಟು ಹಾಕಲ್ಲ."

"ಯಾಕೋ? ದೊಡ್ಡ ಮನುಷ್ಯ ಆಗಿಬಿಟ್ಟೆಯಾ?"

ಪ್ಲಾಮೆನ್ ಡ್ರಾಯರ್ ಎಳೆದು ಕಬ್ಬಿಣದ ಅಚ್ಚನ್ನು ಧಡ್ಡನೆ ಮೇಜಿಗೆ ಕುಕ್ಕಿದ. "ನಿಮ್ಮ ಕುಶಲಿಗ ನಾನೇ ಮೇಷ್ಟ್ರೇ! ಆ ವೆಲ್ಕೊನ ಹಲ್ಲು ಉದುರಿಸ್ತೀನಿ. ನಿಮ್ಮ ದೋಣಿ ವಾಪಸ್ ತರಿಸ್ತೀನಿ. ನಾಳೆ ಮಾತ್ರ ಆ ಸಭೆಗೆ ಹೋಗ್ಬೇಡಿ."

ಮೇಷ್ಟ್ರು ನಾಣ್ಯವನ್ನೆತ್ತಿ ಅಚ್ಚಿನ ಗುಳಿಯೊಳಗೆ ಇಟ್ಟರು. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂತಿತು.

"ಜೀವ ಇರೋ ಏಡಿ ನೋಡಿಯೇ ಕೊರೆದೆಯಾ?"

ಪ್ಲಾಮೆನ್ ಅಲ್ಲಿಯ ರೂಢಿಯಂತೆ ಹೌದೆಂದು ತಲೆ ಅಡ್ಡಡ್ಡ ಆಡಿಸಿದ. "ಎಂಟನೇ ಕ್ಲಾಸಿನಲ್ಲಿದ್ದಾಗ ಬರ್ಕೊಂಡಿದ್ದ ಚಿತ್ರ. ಶಾಲೆ ಹಿಂದಿನ ಹಳ್ಳದಲ್ಲಿ ಸಿಕ್ಕಿತ್ತು ಆ ಏಡಿ." ಅವನ ದನಿ ಇಳಿಯಿತು. "ನಿಮ್ಮ ಚರಿತ್ರೆ ಕ್ಲಾಸಿಗೆ ಚಕ್ಕರ್ ಹೊಡೆದು ಅಲ್ಲೇ ಕೂತಿರ್ತಿದ್ದೆ."

ಮೇಷ್ಟ್ರು ಹನ್ನೆರಡು ಪುಟಗಳನ್ನೂ ಮಡಚಿ ಕೋಟಿನ ಜೇಬಿಗೆ ಸೇರಿಸಿದರು.

"ಗೊತ್ತಿತ್ತು. ಕಿಟಕಿಯಿಂದ ನೀನು ಕಾಣ್ತಿದ್ದೆ. ಇನ್ನೊಂದು ದಿನ ತಪ್ಪಿದ್ರೆ ಶಾಲೆಯಿಂದಲೇ ತೆಗೆದುಹಾಕ್ತಾರೆ ಅಂತ, ಅಷ್ಟೂ ದಿನ ನಿನಗೆ ಹಾಜರಿ ಹಾಕಿದವನು ನಾನೇ."